ಇಪ್ಪತ್ತು ನಿಮಿಷ ಅಲುಗದವರನ್ನು ಗುಡಿಸಿಹಾಕುವ ಮಹಾಶಯರಿಗೆ

ಮಾನ್ಯರೇ,

ಸ್ಪ್ಲಿತ್ ಪಟ್ಟಣದ ಯಾವುದೋ ತಣ್ಣನೆಯ ಕೋಣೆಯಲ್ಲಿ, ಸರ್ವರ್ ಎಂಬ ಗುಂಯ್‌ಗುಡುವ ಪೆಟ್ಟಿಗೆಯೊಳಗೆ, ಸಂಬಳ ಕೇಳದೆ, ರಜೆ ಕೇಳದೆ, ಒಂದು ಕಪ್ಪು ಕಾಫಿಯನ್ನೂ ಕೇಳದೆ ನಮ್ಮ ದ್ವೀಪದ ಎಣ್ಣೆಗಾಣದ ಸಹಕಾರ ಸಂಘಕ್ಕೆ ಸೇವೆ ಸಲ್ಲಿಸುತ್ತಿರುವ ತಮಗೆ, ಅದೇ ದ್ವೀಪದ ನಿವೃತ್ತ ಅಂಚೆ ಗುಮಾಸ್ತೆಯಾದ ನೆದಿಲ್ಕಾ ಬುರಾತೊವಿಚ್ ಎಂಬ ನಾನು ಮಾಡುವ ಅನಂತ ವಂದನೆಗಳು. ಇಲ್ಲಿ ನಾನೂ ನನ್ನ ಯಜಮಾನರಾದ ಬಾರ್ತುಲರೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸಿ ಉತ್ತರಕ್ಕೆ ಕಾದು ಕುಳಿತರೆ ಅಷ್ಟರಲ್ಲಿ ತಾವು ನನ್ನನ್ನೇ ಗುಡಿಸಿಹಾಕುತ್ತೀರೆಂಬ ಭಯದಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ತಮಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ ಎಂದು ತಮ್ಮನ್ನು ಸಾಕುತ್ತಿರುವ ಎಮಿಲ್ ಹೇಳಿದ್ದರಿಂದ, ಈ ಪತ್ರದ ಒಂದು ಪ್ರತಿಯನ್ನು ಬಂದರುಕಟ್ಟೆಯ ಕಾಫಿ ಅಂಗಡಿಯ ಬಾಗಿಲಿಗೂ ಅಂಟಿಸಲಿದ್ದೇನೆ. ತಾವು ಓದದಿದ್ದರೂ ಊರು ಓದುತ್ತದೆ.

ಗುಡಿಸುವವರ ಮೇಲೆ ನನಗೆ ಯಾವ ಹಗೆಯೂ ಇಲ್ಲವೆಂಬುದನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಆಯುಷ್ಯ ಸವೆಸಿದವಳು ನಾನು. ಯಾರೂ ಬಂದು ಒಯ್ಯದ ಪತ್ರಗಳನ್ನು ಸ್ವಲ್ಪ ಕಾಲ ಗೂಡಿನಲ್ಲಿಟ್ಟು, ಆಮೇಲೆ ಬಂದ ದಾರಿಗೇ ಹಿಂದಿರುಗಿಸಬೇಕೆಂಬ ಕಾಯಿದೆ ನಮಗೂ ಇತ್ತು. ಇಲ್ಲದೇ ಹೋಗಿದ್ದರೆ ಪತ್ರಗಳು ಗೂಡು ತುಂಬಿ, ಮೇಜು ತುಂಬಿ, ಕೊನೆಗೆ ನನ್ನ ಮಡಿಲಿಗೇ ಬಂದು ಕೂರುತ್ತಿದ್ದವು. ಆದರೆ ಬೆಟ್ಟದ ಮೇಲಿನ ಮನೆಯ ಮುದುಕಿ ಭಾನುವಾರ ಚರ್ಚಿಗೆ ಇಳಿದಾಗ ಮಾತ್ರ ಅಂಚೆ ಕೇಳುವವಳೆಂದೂ, ಮೀನು ಹಿಡಿಯುವವರು ಗಾಳಿ ಎದ್ದ ದಿನ ಮಾತ್ರ ಊರಲ್ಲಿ ಸಿಗುವವರೆಂದೂ ನನಗೆ ತಿಳಿದಿರುತ್ತಿತ್ತಾದ್ದರಿಂದ, ಕಾಯಿದೆಯನ್ನು ಒಂದು ಕಣ್ಣಿನಲ್ಲೂ ಊರನ್ನು ಇನ್ನೊಂದು ಕಣ್ಣಿನಲ್ಲೂ ನೋಡುತ್ತಾ ಕೆಲಸ ಮಾಡಿದೆ. ತಮಗೆ ಕಣ್ಣೇ ಇಲ್ಲವೆಂದ ಮೇಲೆ ಈ ಸೌಕರ್ಯ ತಮಗಿಲ್ಲ, ಅದು ತಮ್ಮ ತಪ್ಪಲ್ಲ.

ನನ್ನ ದೂರಿನ ಮೂಲ ನಮ್ಮ ಆಲಿವ್ ಮರಗಳು. ಕೊಲ್ಲಿಯ ಮೇಲಿನ ಇಳುಕಲಿನಲ್ಲಿ, ಗಾರೆಯಿಲ್ಲದೆ ಪೇರಿಸಿದ ಕಲ್ಲುಕಟ್ಟೆಗಳ ನಡುವೆ ನನ್ನ ಮಾವನವರು ಬಿಟ್ಟುಹೋದ ತೋಟವದು. ಅರ್ಧ ಬಾರ್ತುಲರ ಹೆಸರಿನಲ್ಲಿದೆ, ಇನ್ನರ್ಧ ಅವರ ತಮ್ಮ ಜ್ವಾನೆಯ ಹೆಸರಿನಲ್ಲಿದೆ. ಜ್ವಾನೆ ಎಳೆ ವಯಸ್ಸಿನಲ್ಲೇ ಹಡಗು ಹತ್ತಿ ಚಿಲಿ ದೇಶದ ದಕ್ಷಿಣದ ತುತ್ತತುದಿಗೆ ಹೋಗಿ, ಅಲ್ಲೇ ಸಂಸಾರ ಕಟ್ಟಿಕೊಂಡವನು. ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಬೆಂಕಿ ಬಂದು ಇಡೀ ಇಳುಕಲನ್ನು ನೆಕ್ಕಿಕೊಂಡು ಹೋಯಿತು, ಮರಗಳಿದ್ದಲ್ಲಿ ಕರಿ ಮೋಟುಗಳು ಉಳಿದವು. ಆಗ ಜ್ವಾನೆ ಫೋನಿನಲ್ಲಿ, "ಅಣ್ಣಾ, ಸುಟ್ಟ ನೆಲ ಇಟ್ಕೊಂಡು ಏನ್ ಮಾಡ್ತೀಯಾ? ಬಂದಷ್ಟಕ್ಕೆ ಮಾರಿಬಿಡು" ಎಂದ. ಬಾರ್ತುಲರು ಅವತ್ತು ಫೋನು ಇಟ್ಟವರು ಇಟ್ಟೇಬಿಟ್ಟರು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಕತೆಯಿಲ್ಲ.

ಆಲಿವ್ ಮರ ಮೊಂಡು ಜಾತಿ, ನನ್ನ ಯಜಮಾನರ ಹಾಗೆಯೇ. ಮೋಟಿನ ಬುಡದಿಂದ ಚಿಗುರು ಬಂತು, ಬಾರ್ತುಲರು ಕೊಡಪಾನ ಹೊತ್ತು ನೀರು ಹಾಕಿದರು, ಸೊಂಟ ಹಿಡಿದುಕೊಂಡರೂ ಬಿಡದೆ ಸವರಿದರು, ಈ ವರ್ಷ ಮೊದಲ ಸಲ ಕಾಯಿ ಕಚ್ಚಿತು. ಆರು ವರ್ಷ ನಾವು ಸೊಪ್ಪು ಆಲೂಗಡ್ಡೆಯ ಮೇಲೆ ಅಂಗಡಿಯ ಎಣ್ಣೆ ಸುರಿದುಕೊಂಡು ಉಂಡಿದ್ದೇವೆ ಮಹಾಶಯರೇ, ಅದೂ ಈ ದ್ವೀಪದಲ್ಲಿ, ಅದೂ ನೆರೆಯವರು ನೋಡದ ಹಾಗೆ ಬಾಟಲಿಯನ್ನು ಚೀಲದ ತಳಕ್ಕಿಟ್ಟು ತಂದು! ಬೆಂಕಿ ತಿಂದು ಬಿಟ್ಟ ಮರದ ಮೊದಲ ಎಣ್ಣೆಯನ್ನು ಕೆಡದ ಹಾಗೆ ಮನೆಗೆ ತರಬೇಕು, ಈ ಶರತ್ಕಾಲದಲ್ಲಿ ನನಗೆ ಬೇರೆ ಆಸೆಯೇ ಇರಲಿಲ್ಲ. ಕಿತ್ತ ಕಾಯಿ ಒಂದೆರಡು ದಿನದೊಳಗೆ ಗಾಣ ಸೇರಬೇಕು, ತಡವಾದರೆ ಕ್ರೇಟಿನಲ್ಲೇ ಬಿಸಿಯೇರಿ ಎಣ್ಣೆಗೆ ಮುಗ್ಗಲು ವಾಸನೆ ಹತ್ತುತ್ತದೆ. ಆದ್ದರಿಂದ ಎಲ್ಲವೂ ಗಾಣದ ಸರದಿಯ ಮೇಲೆ ನಿಂತಿತ್ತು.

ಸರದಿಯ ವಿಷಯದಲ್ಲಿ ನಮ್ಮ ಹಳೆಯ ಪದ್ಧತಿ ತಮಗೆ ತಿಳಿದಿರಲಾರದು. ಮುಂಚೆ ಗಾಣದ ಬಾಗಿಲಲ್ಲಿ ನಮ್ಮ ಟೋಪಿಯನ್ನೋ ಖಾಲಿ ಕ್ರೇಟನ್ನೋ ಸಾಲಿನಲ್ಲಿಟ್ಟು ತೋಟಕ್ಕೆ ಹೋಗುತ್ತಿದ್ದೆವು. ಟೋಪಿ ಕೂತಿದ್ದರೆ ಮನುಷ್ಯ ಕೂತ ಹಾಗೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಒಂದು ವರ್ಷ ಸಾಲಿನಲ್ಲಿ ಟೋಪಿಯಿಟ್ಟ ಮುದುಕ ತೋಟದಲ್ಲೇ ತೀರಿಕೊಂಡಾಗಲೂ, ಮಣ್ಣು ಮುಗಿಸಿ ಬಂದ ಮೇಲೆ ಅವನ ಕಾಯಿಯನ್ನೇ ಮೊದಲು ಅರೆದರು, ಏಕೆಂದರೆ ಟೋಪಿ ಮೊದಲಿತ್ತು. ಈಗ ಗಾಣದ ಮೇಲ್ವಿಚಾರಕನಾಗಿರುವ ಪ್ರೊಶ್ಪೆರನ ಅಪ್ಪ ಆಗ ಬಾಗಿಲಲ್ಲಿ ಕೂತಿರುತ್ತಿದ್ದ. ಯಾರ ಟೋಪಿ ನಿಜವಾಗಿ ಕಾಯುತ್ತಿದೆ, ಯಾರದು ಸುಮ್ಮನೆ ಜಾಗ ಹಿಡಿದಿದೆ ಎಂದು ಅವನಿಗೆ ನೋಡಿದೊಡನೆ ಗೊತ್ತಾಗುತ್ತಿತ್ತು, ಎರಡನೆಯ ಜಾತಿಯದನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದ. ಅಂದರೆ ತಮ್ಮ ಹುದ್ದೆ ಆಗಲೂ ಇತ್ತು, ಅದರಲ್ಲಿದ್ದವನಿಗೆ ಊರು ಗೊತ್ತಿತ್ತು, ಅಷ್ಟೇ.

ಈ ವರ್ಷ ಸಂಘವು ಆಧುನಿಕವಾಯಿತು. ಸದಸ್ಯರೆಲ್ಲ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸಂಘದ ಪುಟ ತೆರೆದು, ಹೆಸರು ಹೇಳಿ ಒಳಹೊಕ್ಕು, ದಿನ ಗಂಟೆ ಆರಿಸಿ, ಸದಸ್ಯತ್ವದ ಚೀಟಿಯ ಫೋಟೋ ಅಂಟಿಸಿ, ಕಾಯಿಯ ತೂಕ ಬರೆದು, 'ಖಚಿತ' ಎಂಬ ಗುಂಡಿ ಒತ್ತಬೇಕು. ಎಲ್ಲ ಸರಿ, ಆ ತೂಕದ ಖಾನೆಯೊಂದು ಬಿಟ್ಟು. ಮರದ ಮೇಲಿರುವ ಕಾಯಿಯ ತೂಕವನ್ನು ಬಾಯಲ್ಲಿ ಆಡುವ ಮನುಷ್ಯ ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸವದು. ಆಡಿದರೆ ಆಲಿಕಲ್ಲು ಬೀಳುತ್ತದೆ, ನೊಣ ಮೊಟ್ಟೆಯಿಡುತ್ತದೆ, ನೆರೆಯವರ ಕಣ್ಣು ತಾಗುತ್ತದೆ. ಆದ್ದರಿಂದ ಊರಿಗೆ ಊರೇ ಏನು ಮಾಡಿತೆಂದರೆ, ಬೆಳಿಗ್ಗೆ ಪುಟ ತೆರೆದು, ಗಂಟೆ ಆರಿಸಿ, ತೂಕದ ಖಾನೆಯನ್ನು ಖಾಲಿ ಬಿಟ್ಟು, ಪುಟವನ್ನು ಹಾಗೆಯೇ ತೆರೆದಿಟ್ಟು ತೋಟಕ್ಕೆ ನಡೆಯಿತು. ಕಾಯಿ ಕಿತ್ತು, ತೂಗಿ, ಸಂಜೆ ಬಂದು ಬರೆದರಾಯಿತು ಎಂಬ ಲೆಕ್ಕ. ಟೋಪಿ ಇಟ್ಟು ಬಂದ ನೆಮ್ಮದಿಯಲ್ಲಿ ಜನ ಹತ್ತು ಗಂಟೆಯ ಊಟ ಮುಗಿಸಿ, ಮರದಡಿಯಲ್ಲಿ ಒಂದಿಷ್ಟು ಒರಗಿಯೂ ಒರಗಿದರು.

ಸಂಜೆ ಬಂದು ನೋಡಿದರೆ ಎಲ್ಲರ ಪುಟದಲ್ಲೂ ಒಂದೇ ವಾಕ್ಯ: 'ತಮ್ಮ ಸೆಷನ್ ಮುಗಿದಿದೆ, ದಯವಿಟ್ಟು ಮತ್ತೆ ಒಳಬನ್ನಿ.' ಆರಿಸಿದ್ದ ಗಂಟೆ ಇಲ್ಲ, ಫೋಟೋ ಇಲ್ಲ, ಹೆಸರೂ ಇಲ್ಲ. ಕಾಫಿ ಅಂಗಡಿಯಲ್ಲಿ ಕುಜ್ಮಾ, ಈ ಊರಿನಲ್ಲಿ ಎಲ್ಲದಕ್ಕೂ ಮೊದಲು ಬಾಯಿ ತೆರೆಯುವ ಮುದುಕ, ಮೇಜು ಕುಟ್ಟಿ, "ಮುಗಿದಿದೆಯಂತೆ! ಯಾರಪ್ಪಾ ಮುಗಿಸಿದ್ದು? ನಾನಿನ್ನೂ ಶುರುವೇ ಮಾಡಿಲ್ಲ!" ಎಂದ. ಪ್ರೊಶ್ಪೆರ್ ತೊಳೆದಿಟ್ಟ ಯಂತ್ರದ ಮುಂದೆ ದಿನವಿಡೀ ಕೂತು ಬಂದವನು, "ನಂಗೇನ್ ಗೊತ್ತು ಮಾರಾಯಾ, ನಂಗೆ ಕಂಡಿದ್ದು ಖಾಲಿ ಪುಟ, ಖಾಲಿ ಗಾಣ" ಎಂದು ಕೈಚೆಲ್ಲಿದ. ಕ್ರೇಟುಗಳಲ್ಲಿ ಕಾಯಿ ಕಾಯುತ್ತಿತ್ತು.

ಪುಟವನ್ನು ಕಟ್ಟಿದ ಎಮಿಲನಿಗೆ ಅಲ್ಲಿಂದಲೇ ಫೋನು ಹೋಯಿತು, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ. ತಮ್ಮ ಪರಿಚಯ ನಮಗಾದದ್ದು ಆಗಲೇ. ಆ ಮನುಷ್ಯನ ತಾಳ್ಮೆಯನ್ನು ನಾನು ಮೆಚ್ಚಲೇಬೇಕು. "ನೋಡಿ ಕುಜ್ಮಾ ಮಾವ, ಸರ್ವರ್‌ಗೆ ಮರೆವು ಜಾಸ್ತಿ. ನೀವು ಒಂದೊಂದ್ಸಲ ಗುಂಡಿ ಒತ್ತಿದಾಗ್ಲೂ ಅದು ನಿಮ್ಮನ್ನ ಹೊಸಬರ ಥರಾನೇ ನೋಡುತ್ತೆ. ಅದಕ್ಕೇ ನೀವು ಒಳಗೆ ಬಂದ ತಕ್ಷಣ ಒಂದು ಚೀಟಿ ಬರ್ಕೊಳ್ಳುತ್ತೆ: ಇವರು ಕುಜ್ಮಾ, ಮಂಗಳವಾರ ಒಂಬತ್ತು ಗಂಟೆ ಆರಿಸ್ಕೊಂಡಿದ್ದಾರೆ ಅಂತ. ಆ ಚೀಟಿಗೇ ಸೆಷನ್ ಅನ್ನೋದು. ಇಪ್ಪತ್ತು ನಿಮಿಷ ನೀವು ಏನೂ ಮುಟ್ಟಲಿಲ್ಲ ಅಂದ್ರೆ ಎದ್ದು ಹೋದ್ರು ಅಂತ ತಿಳ್ಕೊಂಡು, ಗುಡಿಸೋ ಪ್ರೋಗ್ರಾಮ್ ಬಂದು ಚೀಟಿ ಎಸೀತದೆ." "ನಾನೆಲ್ಲಿ ಎದ್ದು ಹೋದೆ? ತೋಟದಲ್ಲಿದ್ದೆ!" "ಅದು ಅದಕ್ಕೆ ಕಾಣಲ್ಲ ಮಾವ." "ಕಾಣದವ್ರನ್ನ ಯಾಕಯ್ಯಾ ಕೆಲಸಕ್ಕೆ ಇಟ್ಕೊಂಡೆ?" ಎಸೆಯದಿದ್ದರೆ ಚೀಟಿಗಳು ರಾಶಿಬಿದ್ದು ಸರ್ವರ್ ತುಂಬಿಹೋಗುತ್ತದೆ, ನೀವು ತೆರೆದಿಟ್ಟು ಹೋದ ಪುಟದಲ್ಲಿ ಬೇರೆ ಯಾರೋ ಕೂತು ನಿಮ್ಮ ಹೆಸರಿನಲ್ಲಿ ಏನಾದರೂ ಮಾಡಬಹುದು ಎಂದೆಲ್ಲ ಎಮಿಲ್ ಹೇಳುತ್ತಲೇ ಇದ್ದ. ಇಲ್ಲಿ ನಮಗೆ ಅದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಿತ್ತು.

ಇಪ್ಪತ್ತು ನಿಮಿಷ! ಈ ಅವಧಿಯನ್ನು ಕಂಡುಹಿಡಿದ ಮಹಾನುಭಾವರಿಗೆ ನನ್ನ ನಮಸ್ಕಾರ ತಿಳಿಸಿ. ಇಪ್ಪತ್ತು ನಿಮಿಷದಲ್ಲಿ ನಮ್ಮಲ್ಲಿ ಕಾಫಿಗೆ ಸಕ್ಕರೆ ಕದಡುವುದೂ ಮುಗಿಯುವುದಿಲ್ಲ. ಬಂದರುಕಟ್ಟೆಯಲ್ಲಿ ಇಪ್ಪತ್ತು ನಿಮಿಷ ಮಾತಾಡದೆ ಅಲುಗದೆ ಕೂತವನನ್ನು ನಾವು ಎದ್ದು ಹೋದನೆಂದು ತಿಳಿಯುವುದಿಲ್ಲ, ಈಗಷ್ಟೇ ಸುಖವಾಗಿ ಕೂತನೆಂದು ತಿಳಿಯುತ್ತೇವೆ. ತಮ್ಮ ಕೈಗೆ ಈ ಊರನ್ನು ಒಪ್ಪಿಸಿದರೆ ಮಧ್ಯಾಹ್ನದೊಳಗೆ ದ್ವೀಪದಲ್ಲಿ ಒಂದು ನರಪಿಳ್ಳೆ ಉಳಿಯುವುದಿಲ್ಲವೆಂಬುದು ನನ್ನ ಅಂದಾಜು.

ಮುಂದೆ ತಮಗೆ ರಜೆ ಕೊಡಿಸಿದ್ದು ಎಮಿಲನ ಸೋದರತ್ತೆ ಲುತ್ಸೆ. ಅವಳು ನಮ್ಮ ಪಕ್ಕದ ಮನೆಯವಳು. ಊರಿನವರು ಊಟದ ಹೊತ್ತಿಗೆ ಸರಿಯಾಗಿ ಒಬ್ಬರಾದ ಮೇಲೊಬ್ಬರು ಫೋನು ಮಾಡಿ ಅವನ ಸೂಪನ್ನು ತಣ್ಣಗಾಗಿಸಿದರೂ ಬಗ್ಗದಿದ್ದವನು, ಲುತ್ಸೆ "ವರ್ಷಾ ವರ್ಷಾ ನಿಂಗೆ ಎಣ್ಣೆ ಕಳಿಸೋಳು ಯಾರೋ? ಆ ಗುಡಿಸೋನ್ನ ಇವತ್ತೇ ನಿಲ್ಲಿಸ್ತೀಯೋ, ಇಲ್ಲಾ ಈ ವರ್ಷ ಅಂಗಡಿ ಎಣ್ಣೇಲಿ ಮೀನು ಹುರ್ಕೋತೀಯೋ?" ಎಂದೊಡನೆ ಬಗ್ಗಿದ. ಅಂದಿನಿಂದ ತಾವು ಮನೆಯಲ್ಲಿ ಕೂತಿರಿ, ಚೀಟಿಗಳು ಇದ್ದಲ್ಲೇ ಇದ್ದವು, ಊರು ಗೆದ್ದಿತು. ಕುಜ್ಮಾ ಎಲ್ಲರಿಗೂ ಒಂದೊಂದು ಗುಟುಕು ಬ್ರಾಂದಿ ಕೊಡಿಸಿದ, ಹಾಗೆ ಅವನು ಕೊಡಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಮಹಾಶಯರೇ, ತಮ್ಮ ಬೆಲೆ ನಮಗೆ ತಿಳಿದದ್ದು ಆಮೇಲೆ. ಬಾಗಿಲಲ್ಲಿ ಇಟ್ಟ ಟೋಪಿ ಒಬ್ಬನಿಗೆ ಒಂದೇ. ಪುಟದಲ್ಲಿ ಇಡುವ ಟೋಪಿಗೆ ಲೆಕ್ಕವೇ ಇಲ್ಲವೆಂದು ಊರು ಬೇಗ ಕಲಿತುಬಿಟ್ಟಿತು. ತನ್ನ ಫೋನಿನಲ್ಲಿ ಒಂದು ಗಂಟೆ, ಹೆಂಡತಿಯ ಫೋನಿನಲ್ಲಿ ಇನ್ನೊಂದು, ವಾಚನಾಲಯದ ಕಂಪ್ಯೂಟರಿನಲ್ಲಿ ಮತ್ತೊಂದು, ಮಳೆ ಬಂದರೆ ಇರಲಿ ಎಂದು ಗುರುವಾರಕ್ಕೊಂದು, ಭಾವಮೈದುನ ದೋಣಿಯಿಂದ ಬಂದರೆ ಬೇಕಾದೀತೆಂದು ಶನಿವಾರಕ್ಕೊಂದು. ಫೋಟೋ ಅಂಟಿಸುವುದರಲ್ಲೂ ನಮ್ಮವರು ಕೈ ಬಿಗಿಹಿಡಿಯಲಿಲ್ಲ. ಸದಸ್ಯತ್ವದ ಚೀಟಿ ಹುಡುಕಲು ಸೋಮಾರಿತನವಾಗಿ ಮೊಮ್ಮಗಳ ದೀಕ್ಷಾಸ್ನಾನದ ಫೋಟೋ, ಹೊಸ ದೋಣಿಯ ಫೋಟೋ, ಎಲ್ಲವೂ ಸೆಷನ್ ಚೀಟಿಯ ಬೆನ್ನಿಗೆ ಅಂಟಿದವು. ಕುಜ್ಮಾ ತನ್ನ ಕತ್ತೆಯ ಫೋಟೋ ಹಾಕಿದ, ಅದೂ ಪ್ರತಿ ಸಲವೂ ಬೇರೆ ಬೇರೆ ಭಂಗಿಯಲ್ಲಿ. ಮೇಲಿನ ಮೂಲೆಯಲ್ಲಿ 'ಹೊರಹೋಗಿ' ಎಂಬ ಗುಂಡಿಯೊಂದಿತ್ತು, ಅದನ್ನು ಯಾರೂ ಒತ್ತಲಿಲ್ಲ; ಹೋಗು ಎಂದು ಮುಖಕ್ಕೇ ಹೇಳುವ ಗುಂಡಿಯನ್ನು ಮರ್ಯಾದಸ್ಥರು ಯಾಕೆ ಮುಟ್ಟುತ್ತಾರೆ? ಹೀಗೆ ಪುಟದಲ್ಲಿ ತಿಂಗಳಿಡೀ ತುಂಬಿತ್ತು, ಗಾಣದಲ್ಲಿ ಪ್ರೊಶ್ಪೆರ್ ಒಬ್ಬನೇ ಕೂತು ಆಕಳಿಸುತ್ತಿದ್ದ. ಗಂಟೆ ಹಿಡಿದವರು ಬರಲಿಲ್ಲ, ಬಂದವರಿಗೆ ಗಂಟೆ ಇರಲಿಲ್ಲ, ಪುಟದಲ್ಲಿ ಇಲ್ಲದವರ ಕಾಯಿಯನ್ನು ಅರೆಯಕೂಡದೆಂದು ಸಂಘದ ಅಧ್ಯಕ್ಷರು ಅವನಿಗೆ ಅಪ್ಪಣೆ ಮಾಡಿದ್ದರು.

ಈ ಗಲಾಟೆಯಲ್ಲಿ ಗಂಟೆ ಹಿಡಿಯದೆ ಉಳಿದವರು ನಾವೇ. ಬಾರ್ತುಲರು ಹುಟ್ಟಿದ್ದೇ ತಡವಾಗಿ, ಅಂದಿನಿಂದ ಆ ತಡವನ್ನು ತುಂಬಿಸಿಕೊಂಡಿಲ್ಲ. "ನಾಳೆ ನೋಡೋಣ ಕಣೇ, ಗಾಣ ಎಲ್ಲಿಗೆ ಓಡಿಹೋಗುತ್ತೆ?" ಎನ್ನುತ್ತಾ ಕೂತವರು, ಪುಟ ತೆರೆಯುವ ಹೊತ್ತಿಗೆ ಒಂದು ಗಂಟೆಯೂ ಬಾಕಿ ಇರಲಿಲ್ಲ. ಅಷ್ಟರಲ್ಲಿ ತೆಂಕಣ ಗಾಳಿ ಎದ್ದಿತು. ಬೆಚ್ಚಗೆ, ತೇವವಾಗಿ, ಕಾಯಿ ಉದುರಿಸುವ ಗಾಳಿ ಅದು. ಕೀಳದೆ ಗತಿಯಿರಲಿಲ್ಲ, ಕಿತ್ತೆವು. ನೆಲಮಾಳಿಗೆಯಲ್ಲಿ ಕ್ರೇಟುಗಳನ್ನು ಹರಡಿಟ್ಟು, ಬಾಗಿಲು ಕಿಟಕಿ ತೆರೆದಿಟ್ಟು, ನಾನು ಗಳಿಗೆಗೊಮ್ಮೆ ಇಳಿದುಹೋಗಿ ಕಾಯಿಯ ನಡುವೆ ಕೈಯಿಟ್ಟು ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಮೊದಲ ದಿನ ತಣ್ಣಗಿತ್ತು. ಆಮೇಲೆ ಬೆಚ್ಚಗಾಗತೊಡಗಿತು. ಬಾರ್ತುಲರು ಮೇಲಿನ ಮೆಟ್ಟಿಲಲ್ಲಿ ನಿಂತು, "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗೇ ಇದೆ ರೀ" ಎಂದು ಸುಳ್ಳು ಹೇಳಿ, ಕಣ್ಣೊರೆಸಿಕೊಂಡು ಮೇಲೆ ಬರುತ್ತಿದ್ದೆ. ಬೆಂಕಿಯಿಂದ ಬದುಕಿ ಬಂದ ಕಾಯಿ ಒಂದು ಪುಟದ ದೆಸೆಯಿಂದ ಕೊಳೆಯುವುದೆಂದರೆ ಹೊಟ್ಟೆ ಉರಿಯದೆ ಇನ್ನೇನು?

ಗುರುವಾರ ಮಧ್ಯಾಹ್ನ ಸರ್ವರ್ ತುಂಬಿತು. ಚೀಟಿಯ ಮೇಲೆ ಚೀಟಿ, ಕತ್ತೆಯ ಮೇಲೆ ಕತ್ತೆ ಬಿದ್ದು, ಇನ್ನೊಂದು ಚೀಟಿ ಬರೆಯಲು ಎಳ್ಳಷ್ಟೂ ಜಾಗವಿಲ್ಲದೆ ಪುಟ ಯಾರನ್ನೂ ಒಳಗೆ ಬಿಡದಾಯಿತು, ಪ್ರೊಶ್ಪೆರನನ್ನೂ, ಅಧ್ಯಕ್ಷರನ್ನೂ. ಮತ್ತೆ ಕಾಫಿ ಅಂಗಡಿ, ಮತ್ತೆ ಎಮಿಲ್, ಮತ್ತೆ ಜೋರಾಗಿ ಇಟ್ಟ ಫೋನು. "ಎಲ್ಲಾ ಅಳಿಸ್ಬೇಕು, ಬೇರೆ ದಾರಿ ಇಲ್ಲ. ಅಳಿಸೋಕೆ ಮುಂಚೆ ಓದ್ತೀನಿ, ನಿಜವಾಗ್ಲೂ ಬೇಕಾದ್ದು ಯಾವ್ದಾದ್ರೂ ಇದ್ರೆ ಹೇಳಿ" ಎಂದು ಅವನು ಶುರುಮಾಡಿದ. ಹೆಸರು ಬಂದ ಹಾಗೆಲ್ಲ ನಗು; ಕುಜ್ಮಾನ ಹೆಸರು ಎಷ್ಟು ಸಲ ಬಂತೆಂದರೆ ಕೊನೆಗೆ ಅವನೇ ಟೋಪಿಯಿಂದ ಮುಖ ಮುಚ್ಚಿಕೊಂಡ. ಆಗ ಎಮಿಲ್, "ಶುಕ್ರವಾರ, ನಾಳೆ ಬೆಳಿಗ್ಗೆ ಎಂಟು ಗಂಟೆ. ಜ್ವಾನೆ ಬುರಾತೊವಿಚ್. ಚಿಲಿಯಿಂದ. ದಿನಾ ತೆರೆದು ನೋಡ್ತಾ ಇದ್ದಾರೆ, ತೂಕ ಮಾತ್ರ ಬರೆದಿಲ್ಲ" ಎಂದ.

ಅಂಗಡಿಯೇ ಹಾರಿಹೋಗುವಂತೆ ನಕ್ಕರು. "ಆ ಚಳಿ ದೇಶದಲ್ಲಿ ಏನಯ್ಯಾ ಅರೀತಾನೆ, ಪೆಂಗ್ವಿನ್ನಾ?" ಎಂದ ಕುಜ್ಮಾ, ಮುಖದಿಂದ ಟೋಪಿ ತೆಗೆದು. ನನಗೆ ನಗು ಬರಲಿಲ್ಲ. ನನ್ನ ನೆಲಮಾಳಿಗೆಯ ಕಾಯಿಗೆ ಬೇಕಾಗಿದ್ದ ಗಂಟೆಯ ಮೇಲೆ, ಒಂದು ಕಾಯಿಯೂ ಇಲ್ಲದ ನನ್ನ ಸ್ವಂತ ಮೈದುನ ಪ್ರಪಂಚದ ಆ ತುದಿಯಲ್ಲಿ ಕೂತು ಕಾಲು ಚಾಚಿಕೊಂಡಿದ್ದನಲ್ಲ! ಬಾರ್ತುಲರು ಕೆಂಪಗಾಗಿ ಎದ್ದು ನಿಂತರು. "ಮಾರು ಅಂದೋನಿಗೆ ಈಗ ಸರದಿ ಬೇಕಾಯ್ತಾ? ಅಳಿಸು ಎಮಿಲ್, ಮೊದ್ಲು ಅದನ್ನೇ ಅಳಿಸು!" ಎಂದರು. ಎಮಿಲ್ ಅದನ್ನು ಅಳಿಸಿದ, ಆಮೇಲೆ ಮಿಕ್ಕಿದ್ದೆಲ್ಲವನ್ನೂ ಅಳಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ.

ಶುಕ್ರವಾರ ಅಧ್ಯಕ್ಷರ ಅಪ್ಪಣೆಯನ್ನು ಬದಿಗಿಟ್ಟು ಪ್ರೊಶ್ಪೆರ್ ಗಾಣದ ಬಾಗಿಲನ್ನು ಅಗಲವಾಗಿ ತೆರೆದು, "ಕಾಯಿ ಕಿತ್ತೋರು ತನ್ನಿ, ಮೊದಲು ಬಂದೋರಿಗೆ ಮೊದಲು!" ಎಂದು ಕೂಗಿಸಿದ. ಊರು ಮುಗಿಬಿತ್ತು. ಬಾರ್ತುಲರು ಎಂದಿನಂತೆ ಹೊರಟರು, ಎಂದಿನಂತೆ ತಲುಪಿದರು, ಸಾಲು ಬೀದಿಯ ತಿರುವಿನವರೆಗೆ ಬಂದಿತ್ತು. ನಮ್ಮ ಕಾಯಿ ಗಾಣ ಹೊಕ್ಕಿದ್ದು ಶನಿವಾರ ಸಂಜೆಗೆ. ಎಣ್ಣೆಯ ಹಸಿರು ಬಣ್ಣ ಚೆನ್ನಾಗಿಯೇ ಇತ್ತು. ಪ್ರೊಶ್ಪೆರ್ ಬ್ರೆಡ್ಡಿನ ಚೂರು ಅದ್ದಿ ಬಾಯಿಗಿಟ್ಟು, ನನ್ನ ಮುಖ ನೋಡದೆ ಬೇರೆ ಕಡೆ ನೋಡಿದ. ನಾನೂ ರುಚಿ ನೋಡಿದೆ. ಮೊದಲು ಗಂಟಲು ಕೆರೆಯುವ ಆ ನಮ್ಮ ಇಳುಕಲಿನ ಖಾರ ಬಂತು, ಅದರ ಬೆನ್ನಿಗೇ ಮುಚ್ಚಿಟ್ಟ ಕೋಣೆಯ ಮುಗ್ಗಲು. ಬಾರ್ತುಲರು ತುಂಬ ಹೊತ್ತು ಅಗಿದರು. "ಬಿಸಿ ಹಿಡಿದಿದೆ ಕಣೇ" ಎಂದರು. "ನಿನ್ನೆ ಬೆಳಿಗ್ಗೆ ಹಾಕಿದ್ರೆ ಹಿಡೀತಿರಲಿಲ್ಲ. ಇರ್ಲಿ, ನಮ್ದು."

ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಡುವುದಕ್ಕೂ ಫೋನು ಬಾರಿಸುವುದಕ್ಕೂ ಸರಿಹೋಯಿತು. ಎತ್ತಿದರೆ ಗೊಗ್ಗರು ದನಿ. "ಅತ್ತಿಗೆ, ನಾನು, ಜ್ವಾನೆ. ಶುಕ್ರವಾರ ಎಂಟು ಗಂಟೆಗೆ ಅಣ್ಣ ಹೋದ್ನಾ?" ಎಲ್ಲಿಗೆ ಎಂದೆ. "ಗಾಣಕ್ಕೆ! ನಾನು ಹಿಡಿದಿಟ್ಟಿದ್ನಲ್ಲ. ಸಂಘದೋರು ಸದಸ್ಯರಿಗೆಲ್ಲಾ ಕಳಿಸಿದ ಫೋಟೋದಲ್ಲಿ ನಮ್ಮ ಮರ ಕಂಡ್ತು ಅತ್ತಿಗೆ, ಕಾಯಿ ಬಿಟ್ಟಿತ್ತು. ನಾನು ತಪ್ಪು ಮಾತಾಡಿದ್ದೆ ಅಂತ ಆವಾಗ್ಲೇ ಅನ್ನಿಸ್ತು. ಅಣ್ಣ ಯಾವತ್ತೂ ಲೇಟು, ಸರದಿ ಹಿಡಿಯೋನಲ್ಲ. ಚಿಕ್ಕಂದಿನಲ್ಲೂ ಅವನ ಟೋಪಿ ಇಟ್ಟು ಬರ್ತಾ ಇದ್ದೋನು ನಾನೇ. ಎಲ್ಲಾ ಬರೆದೆ, ತೂಕ ಮಾತ್ರ ಬಿಟ್ಟೆ. ಅದು ಅಣ್ಣ ಬರೀಬೇಕಾದ್ದು. ಪ್ರೊಶ್ಪೆರ್‌ಗೆ ಮನೆ ಹೆಸರು ನೋಡಿದ್ರೆ ಗೊತ್ತಾಗುತ್ತೆ ಅಂದ್ಕೊಂಡೆ. ಫೋನ್ ಮಾಡೋಕೆ... ಧೈರ್ಯ ಬರ್ಲಿಲ್ಲ ಅತ್ತಿಗೆ." ನನ್ನ ಪಕ್ಕದಲ್ಲಿ ಕೈಯಲ್ಲಿ ಬ್ರೆಡ್ಡು ಹಿಡಿದು ನಿಂತಿದ್ದ ಬಾರ್ತುಲರಿಗೆ ಪ್ರತಿಯೊಂದು ಮಾತೂ ಕೇಳಿಸಿತ್ತು. ಫೋನು ಇಸಿದುಕೊಂಡರು. "ಎಣ್ಣೆ ಆಯ್ತು" ಎಂದಷ್ಟೇ ಹೇಳಿ ಫೋನನ್ನು ನನಗೇ ವಾಪಸು ಕೊಟ್ಟು, ನೆಲಮಾಳಿಗೆಗೆ ಇಳಿದುಹೋದರು. ಖಾಲಿ ಕ್ರೇಟುಗಳನ್ನು ಜೋಡಿಸುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಈಗ ಹೇಳಿ ಮಹಾಶಯರೇ, ನಾನು ಯಾರ ಮೇಲೆ ದೂರು ಕೊಡಲಿ? ತಾವು ಕೆಲಸದಲ್ಲಿದ್ದಿದ್ದರೆ ಜ್ವಾನೆಯ ಚೀಟಿ ಹುಟ್ಟಿದ ದಿನವೇ ತಿಪ್ಪೆ ಸೇರುತ್ತಿತ್ತು. ತಾವು ರಜೆಯಲ್ಲಿದ್ದುದರಿಂದಲೇ ಅದು ಅಷ್ಟು ದಿನ ಬಾಳಿತು. ಅದನ್ನು ಹುಡುಕಿ ಅಳಿಸಿದ್ದು ತಾವಲ್ಲ, ಕಣ್ಣೂ ಕಿವಿಯೂ ಇದ್ದ ನಾವು. ಆದರೂ ದೂರು ಬರೆಯಲು ಕೂತಾಗಿದೆ, ಶಾಯಿ ದಂಡವಾಗಬಾರದು.

ಎಮಿಲ್ ನಾಳೆಯಿಂದ ತಮ್ಮನ್ನು ಮತ್ತೆ ಕೆಲಸಕ್ಕೆ ಕರೆಯುತ್ತಾನಂತೆ. ಆರಿಸಿದ ಗಂಟೆಯನ್ನು ಇನ್ನು ಮುಂದೆ ಚೀಟಿಯಲ್ಲಿ ಬಿಡದೆ ಗಾಣದ ದಿನಚರಿಯಲ್ಲೇ ಬೇರೆಯಾಗಿ ಬರೆದಿಡುವನಂತೆ, ತೂಕವನ್ನು ಗಾಣದಲ್ಲೇ ತೂಗಿ ಬರೆಯುವರಂತೆ, ಕತ್ತೆಗೆ ಪ್ರವೇಶವಿಲ್ಲವಂತೆ. ಸಂತೋಷ. ತಾವು ಬನ್ನಿ, ಧಾರಾಳವಾಗಿ ಗುಡಿಸಿ, ತಾವಿಲ್ಲದೆ ನಾವು ಎಷ್ಟು ಗಲೀಜು ಜನವೆಂದು ನಮಗೇ ಗೊತ್ತಾಗಿದೆ. ಆದರೆ ಗುಡಿಸುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಸಲ, "ಯಾರಾದ್ರೂ ಇದ್ದೀರಾ?" ಎಂದು ಕೂಗಿ. ಉತ್ತರ ಬಾರದಿದ್ದರೆ ಕಪ್ಪನ್ನು ಮುಟ್ಟಿ ನೋಡಿ, ಕಾಫಿ ಇನ್ನೂ ಬೆಚ್ಚಗಿದ್ದರೆ ಗುಡಿಸದೆ ಮುಂದೆ ಹೋಗಿ. ತೆಂಕಣ ಗಾಳಿಯ ದಿನ ಎಲ್ಲರೂ ತೋಟದಲ್ಲಿರುತ್ತಾರೆಂದು ನೆನಪಿಟ್ಟುಕೊಳ್ಳಿ. ಒಬ್ಬ ತನ್ನ ಹೆಸರಿನಲ್ಲಿ ಇಟ್ಟ ಚೀಟಿ ತನಗಾಗಿಯೇ ಇಟ್ಟದ್ದೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಇವೆಲ್ಲ ತಮ್ಮ ಕೈಲಾಗದ ಕೆಲಸಗಳೆಂದು ಎಮಿಲ್ ಹೇಳುತ್ತಾನೆ. ನಮ್ಮ ಕೈಲೂ ಆಗಲಿಲ್ಲ, ಆದ್ದರಿಂದ ತಮ್ಮನ್ನು ಕೇಳುತ್ತಿದ್ದೇನೆ.

ತಮ್ಮ ಪೊರಕೆಗೆ ದೀರ್ಘಾಯುಸ್ಸನ್ನೂ ತಮಗೆ ಒಂದು ಜೊತೆ ಕಣ್ಣನ್ನೂ ಹಾರೈಸುತ್ತಾ, ಎದ್ದು ಹೋಗದೆ ಇಲ್ಲೇ ಕೂತಿರುವ,

ತಮ್ಮ ವಿಶ್ವಾಸಿ,
ನೆದಿಲ್ಕಾ ಬುರಾತೊವಿಚ್

ತಾ.ಕ.: ಸಹಿ ಹಾಕುವಷ್ಟರಲ್ಲಿ ಜ್ವಾನೆ ಮತ್ತೆ ಫೋನು ಮಾಡಿದ. ಈ ಸಲ ಬಾರ್ತುಲರು ನನಗೆ ಕೊಡದೆ ಫೋನು ಹಿಡಿದು ಜಗಲಿಗೆ ಹೋಗಿ ಕೂತಿದ್ದಾರೆ. ಮರ ಸವರುವ ವಿಷಯ ನಾಲ್ಕು ಮಾತಾಯಿತು, ಅಪ್ಪನ ವಿಷಯ ಎರಡು, ಆಮೇಲೆ ನಿಂತುಹೋಯಿತು. ತಮ್ಮ ಇಪ್ಪತ್ತು ನಿಮಿಷ ಕಳೆದು ಎಷ್ಟೋ ಹೊತ್ತಾಗಿದೆ; ಇತ್ತಲಿಂದ ಒಂದು ಮಾತಿಲ್ಲ, ಅತ್ತಲಿಂದ ಒಂದು ಮಾತಿಲ್ಲ, ಇಬ್ಬರೂ ಫೋನು ಇಟ್ಟಿಲ್ಲ. ಬಿಡುವಿದ್ದರೆ ಬಂದು ನೋಡಿ ಕಲಿತುಕೊಳ್ಳಿ, ಪೊರಕೆಯನ್ನು ಮಾತ್ರ ಹೊರಗೇ ಬಿಟ್ಟು ಬನ್ನಿ.